ನೀಟ್‌ಗೆ ಓದುವ ಮಕ್ಕಳ ಫಸ್ಟ್ ಪಿಯು ಪುಸ್ತಕದ ಕೊನೆಯ ಪುಟಗಳು

ಸೆಕೆಂಡ್ ಪಿಯು ಪರೀಕ್ಷೆ ಮುಗಿಯುವುದೇ ತಡ, ಊರಿನ ಗೋಡೆ, ಕಂಬಗಳ ಮೇಲೆಲ್ಲ ನೀಟ್ ಕ್ರ್ಯಾಶ್ ಕೋರ್ಸಿನ ಬ್ಯಾನರ್. ಮೇ ಮೊದಲ ವಾರದ ಹೊತ್ತಿಗೆ ನೀಟ್, ಅದಕ್ಕೂ ಮುಂಚೆ ಸಿಇಟಿ. ಸಿಗುವ ಆರೇಳು ವಾರದಲ್ಲಿ ಎರಡು ವರ್ಷದ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯನ್ನು ಮೊದಲ ಪಾಠದಿಂದ ಹಿಡಿದು ಮುಗಿಸಿಕೊಡುತ್ತೇವೆ ಅನ್ನುತ್ತಾರೆ. ಅಪ್ಪ ಅಮ್ಮ ಸಾಲ ಮಾಡಿಯಾದರೂ ಫೀಸು ಕಟ್ಟುತ್ತಾರೆ. ಮೊದಲ ಪಾಠದಿಂದ ಯಾಕೆ ಶುರು ಮಾಡಬೇಕು ಅನ್ನುವುದೇ ನನ್ನ ತಕರಾರು.

ಮೊದಲ ಪಾಠಗಳು ನಮ್ಮ ಮಕ್ಕಳಿಗೆ ತಕ್ಕಮಟ್ಟಿಗೆ ಬರುತ್ತವೆ. ಯೂನಿಟ್ಸ್, ಮೋಲ್ ಕಾನ್ಸೆಪ್ಟ್, ಲಿವಿಂಗ್ ವರ್ಲ್ಡ್ ಇವೆಲ್ಲ ಕಾಲೇಜು ಶುರುವಾದ ಹುರುಪಿನಲ್ಲಿ ಚೆನ್ನಾಗಿಯೇ ಆಗಿರುತ್ತವೆ. ತೂತು ಇರುವುದು ಫಸ್ಟ್ ಪಿಯು ಪುಸ್ತಕದ ಕೊನೆಯಲ್ಲಿ.

ಸಂಜೆ ಹೊತ್ತು ನಾನು ಮನೆಯಲ್ಲಿ ಕೆಲವು ಮಕ್ಕಳಿಗೆ ಸೈನ್ಸ್ ಹೇಳಿಕೊಡುತ್ತೇನೆ. ಹೊಸದಾಗಿ ಬಂದವರ ಬಯಾಲಜಿ ಪುಸ್ತಕ ಇಸಿದುಕೊಂಡು ಹಾಳೆ ತಿರುಗಿಸುವುದು ನನಗೊಂದು ಚಟ. ಪ್ಲಾಂಟ್ ಕಿಂಗ್‌ಡಮ್, ಅನಿಮಲ್ ಕಿಂಗ್‌ಡಮ್ ತುಂಬ ಹಳದಿ ಹೈಲೈಟರ್, ಅಂಚಿನಲ್ಲಿ ಸ್ಟಾರ್ ಗುರುತು. ಫೋಟೋಸಿಂಥೆಸಿಸ್ ದಾಟಿದ ಮೇಲೆ ಗೆರೆಗಳು ಕಡಿಮೆಯಾಗುತ್ತವೆ. ಕಿಡ್ನಿ ಪಾಠದ ನೆಫ್ರಾನ್ ಚಿತ್ರದ ಹತ್ತಿರ ಬರುವಷ್ಟರಲ್ಲಿ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ.

"ಇದು ಮಾಡಿಲ್ವೇನಪ್ಪಾ?"

"ಸೆಲ್ಫ್ ಸ್ಟಡಿಗೆ ಬಿಟ್ಟಿದ್ರು ಸರ್."

ಆ ಹುಡುಗನನ್ನು ಬೈದು ಏನು ಪ್ರಯೋಜನ? ಎಷ್ಟೋ ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಇನ್ನು ಲಕ್ಷಗಟ್ಟಲೆ ಫೀಸು ತೆಗೆದುಕೊಳ್ಳುವ ಕೆಲವು ಕಡೆ ಬೇರೆಯೇ ಕಥೆ. ಜನವರಿಯಲ್ಲೇ ಸೆಕೆಂಡ್ ಇಯರ್ ಪಾಠ ಶುರು ಮಾಡಿಬಿಡುತ್ತಾರೆ, ಫಸ್ಟ್ ಇಯರಿನ ಕೊನೆಯ ಪಾಠಗಳಿಗೆ ಒಂದು ಪಿಡಿಎಫ್ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಮನೆಯವರೂ ಅಷ್ಟೇ. ಫಸ್ಟ್ ಪಿಯು ತಾನೇ, ಪಾಸಾದರೆ ಸಾಕು ಅನ್ನುತ್ತಾರೆ. ಆದರೆ ನೀಟ್ ಕೇಳುವುದು ಎರಡೂ ವರ್ಷದ್ದನ್ನು.

ಆ ಕೊನೆಯಲ್ಲಿ ಏನಿದೆ ನೋಡಿ. ಬಯಾಲಜಿಯಲ್ಲಿ ಹ್ಯೂಮನ್ ಫಿಸಿಯಾಲಜಿಯ ಆರು ಪಾಠಗಳು: ಉಸಿರಾಟ, ರಕ್ತ ಪರಿಚಲನೆ, ಕಿಡ್ನಿ, ಸ್ನಾಯು ಮೂಳೆ, ನರ, ಹಾರ್ಮೋನು. ಡಾಕ್ಟರ್ ಆಗಬೇಕು ಅನ್ನುವ ಮಗು ಓದದೆ ಬಂದಿರುವುದು ಇವನ್ನೇ! ಕೆಮಿಸ್ಟ್ರಿಯ ಕೊನೆಯ ಎರಡು ಪಾಠ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಬೇಸಿಕ್ಸ್ ಮತ್ತು ಹೈಡ್ರೋಕಾರ್ಬನ್ಸ್. ಫಿಸಿಕ್ಸ್‌ನಲ್ಲಿ ಥರ್ಮೋಡೈನಾಮಿಕ್ಸ್, ಕೈನೆಟಿಕ್ ಥಿಯರಿ, ಆಸಿಲೇಷನ್ಸ್, ವೇವ್ಸ್.

ಕೈಯಲ್ಲಿ ಕೆಲವೇ ತಿಂಗಳು ಇದ್ದರೆ ಇವನ್ನೆಲ್ಲ ಒಂದೇ ರೀತಿ ನೋಡಬಾರದು. ಹ್ಯೂಮನ್ ಫಿಸಿಯಾಲಜಿಗೆ ಮೇಷ್ಟ್ರು ಬೇಕೇ ಬೇಕು ಅಂತಿಲ್ಲ. ಎನ್‌ಸಿಇಆರ್‌ಟಿ ಪುಸ್ತಕ ಹಿಡಿದು, ಚಿತ್ರಗಳನ್ನು ಕೈಯಲ್ಲಿ ಬಿಡಿಸಿಕೊಂಡು, ಸಾಲು ಬಿಡದೆ ಓದಿದರೆ ಮಕ್ಕಳು ತಾವೇ ದಾಟುತ್ತಾರೆ. 180 ಪ್ರಶ್ನೆಯಲ್ಲಿ 90 ಬಯಾಲಜಿಯವು, ಅದರಲ್ಲೂ ಹೆಚ್ಚಿನವು ಪುಸ್ತಕದ ಸಾಲಿನಿಂದಲೇ ಎದ್ದು ಬಂದಂಥವು. ಆದರೆ ಆರ್ಗ್ಯಾನಿಕ್ ಬೇಸಿಕ್ಸ್ ಹಾಗಲ್ಲ. ಇಂಡಕ್ಟಿವ್ ಎಫೆಕ್ಟ್, ರೆಸೊನೆನ್ಸ್, ಯಾವ ಕಾರ್ಬೊಕ್ಯಾಟಯಾನ್ ಜಾಸ್ತಿ ಸ್ಥಿರ ಅನ್ನುವುದನ್ನೆಲ್ಲ ಯಾರಾದರೂ ಎದುರು ಕೂತು, ಬಾಣದ ಗುರುತು ಹಾಕಿ ತೋರಿಸಬೇಕು. ಅದು ಬಾರದವರು ಸೆಕೆಂಡ್ ಇಯರಿನ ಹ್ಯಾಲೋಆಲ್ಕೇನ್‌ನಿಂದ ಅಮೀನ್ಸ್‌ವರೆಗಿನ ನಾಲ್ಕು ಪಾಠವನ್ನು ಮಗ್ಗಿ ಥರ ಬಾಯಿಪಾಠ ಮಾಡುತ್ತಾರೆ. ಪ್ರಶ್ನೆಯಲ್ಲಿ ಒಂದು ಗ್ರೂಪ್ ಬದಲಾದರೆ ಮುಗೀತು. ಟ್ಯೂಷನ್ ದುಡ್ಡು ಖರ್ಚು ಮಾಡುವುದೇ ಆದರೆ ಇದಕ್ಕೆ ಮಾಡಿ.

ಫಿಸಿಕ್ಸ್ ವಿಚಾರದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುವವನು. ಇಷ್ಟು ದಿನ ತಲೆಗೆ ಹತ್ತದ ರೊಟೇಷನಲ್ ಮೋಷನ್ ಏಪ್ರಿಲ್‌ನಲ್ಲಿ ಹತ್ತುವುದಿಲ್ಲ, ಬಿಡಿ. ಸೆಕೆಂಡ್ ಇಯರಿನ ಕರೆಂಟ್ ಎಲೆಕ್ಟ್ರಿಸಿಟಿ, ರೇ ಆಪ್ಟಿಕ್ಸ್, ಡ್ಯುಯಲ್ ನೇಚರ್, ಆಟಮ್ಸ್, ನ್ಯೂಕ್ಲಿಯೈ, ಸೆಮಿಕಂಡಕ್ಟರ್ ಇವಕ್ಕೆ ಫಸ್ಟ್ ಇಯರಿನ ಹಂಗು ಕಡಿಮೆ. ಅವನ್ನು ಗಟ್ಟಿ ಮಾಡಿಕೊಳ್ಳಿ.

ಯಾರೂ ಲೆಕ್ಕಕ್ಕೇ ಇಡದ ಇನ್ನೊಂದು ತೂತು ಮ್ಯಾಥ್ಸ್‌ನದು. ಫಿಸಿಕ್ಸ್ ಮೇಷ್ಟ್ರು ವರ್ಷದ ಶುರುವಿನಲ್ಲೇ ವೆಲಾಸಿಟಿ ಅಂದರೆ ಡಿಎಕ್ಸ್ ಬೈ ಡಿಟಿ ಎಂದು ಬೋರ್ಡ್ ಮೇಲೆ ಬರೆಯುತ್ತಾರೆ. ಮ್ಯಾಥ್ಸ್ ಪುಸ್ತಕದಲ್ಲಿ ಲಿಮಿಟ್ಸ್ ಅಂಡ್ ಡೆರಿವೇಟಿವ್ಸ್ ಬರುವುದು ಕೊನೆಯಿಂದ ಮೂರನೇ ಪಾಠವಾಗಿ. ನಡುವಿನ ತಿಂಗಳುಗಳಲ್ಲಿ ಮಗು ಅರ್ಥವಾಗದ ಚಿಹ್ನೆಗಳನ್ನು ಸುಮ್ನೆ ನೋಟ್ಸ್‌ಗೆ ಇಳಿಸಿಕೊಳ್ಳುತ್ತಿರುತ್ತದೆ. ಮ್ಯಾಥ್ಸ್ ತೆಗೆದುಕೊಳ್ಳದ ಮಕ್ಕಳಿಗಂತೂ ಆ ಪಾಠ ಬರುವುದೇ ಇಲ್ಲ. ಮೊನ್ನೆ ಒಬ್ಬಳಿಗೆ ಲೆಕ್ಕ ಕೊಟ್ಟೆ: 0.002 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್‌ನ ಪಿಎಚ್ ಎಷ್ಟು? ಸೂತ್ರ ಪಟ್ಟನೆ ಹೇಳಿದಳು. ಲಾಗ್ ಬಂದ ಕೂಡಲೇ ಪೆನ್ನು ನಿಂತಿತು. 0.002 ಅಂದರೆ 2 ಇಂಟು ಹತ್ತರ ಮೈನಸ್ 3 ಘಾತ. ಲಾಗ್ 2 ಅಂದರೆ 0.301, ಅದನ್ನು ಆ 3ರಿಂದ ಕಳೆದರೆ ಸುಮಾರು 2.7, ಅಷ್ಟೇ. ನೀಟ್‌ನಲ್ಲಿ ಕ್ಯಾಲ್ಕುಲೇಟರ್ ಕೊಡುವುದಿಲ್ಲ, ಅಲ್ವಾ? ಲಾಗ್, ಸಣ್ಣ ಡಿಫರೆನ್ಸಿಯೇಷನ್, ಸುಲಭದ ಇಂಟಿಗ್ರೇಷನ್, ಹತ್ತರ ಘಾತ, ಇಷ್ಟನ್ನು ಒಂದು ವಾರ ಕೂತು ಕಲಿತರೆ ಕೆಮಿಸ್ಟ್ರಿಗೂ ಆಯಿತು, ಫಿಸಿಕ್ಸ್‌ಗೂ ಆಯಿತು.

"ಎಲ್ಲ ಓದದೆ ಸೀಟು ಸಿಗುತ್ತಾ ಸರ್?" ಎಂದು ಕೇಳುತ್ತಾರೆ. ಒಟ್ಟು 720 ಅಂಕ. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ, ಖಾಲಿ ಬಿಟ್ಟರೆ ಏನೂ ಇಲ್ಲ. ಬಯಾಲಜಿಯಲ್ಲಿ 80, ಕೆಮಿಸ್ಟ್ರಿಯಲ್ಲಿ 30, ಫಿಸಿಕ್ಸ್‌ನಲ್ಲಿ 20 ಸರಿ ಮಾಡಿ ಉಳಿದ 50 ಪ್ರಶ್ನೆ ಮುಟ್ಟದೇ ಬಂದರೂ 520 ಆಗುತ್ತದೆ. 2025ರಲ್ಲಿ ದೇಶಕ್ಕೇ ಮೊದಲ ರ‍್ಯಾಂಕ್ ಬಂದವರಿಗೆ ಸಿಕ್ಕಿದ್ದೂ 686. ಸೀಟಿನ ಭರವಸೆ ನಾನು ಯಾರಿಗೂ ಕೊಡುವುದಿಲ್ಲ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬಿಟ್ಟು ಬರುವುದನ್ನು ಕಲಿಸಲೇಬೇಕು. ಅರ್ಧಂಬರ್ಧ ಓದಿದ ಪಾಠದ ಪ್ರಶ್ನೆಗೆ ಕೈ ಹಾಕಿ ಮೈನಸ್ ತಂದುಕೊಳ್ಳುವವರೇ ಜಾಸ್ತಿ.

ಹಾಂ, ಅಣ್ಣ ಅಕ್ಕಂದಿರ ಹಳೇ ಪುಸ್ತಕ ಇಟ್ಟುಕೊಂಡು ಓದುವವರು ಸ್ವಲ್ಪ ನೋಡಿಕೊಳ್ಳಿ. 2024ರ ನೀಟ್‌ನಿಂದ ಸಿಲಬಸ್ ಕಡಿಮೆಯಾಗಿದೆ. ಡೈಜೆಷನ್, ಮಿನರಲ್ ನ್ಯೂಟ್ರಿಷನ್, ಸಾಲಿಡ್ ಸ್ಟೇಟ್, ಪಾಲಿಮರ್ಸ್ ಎಲ್ಲ ತೆಗೆದಿದ್ದಾರೆ. ಪಾಠ ತೆಗೆದದ್ದು ಮಕ್ಕಳಿಗೆ ಮಾತ್ರವಲ್ಲ, ದೊಡ್ಡವರಿಗೂ ಮರೆತುಹೋಗುತ್ತದೆ. ಅದೇ ವರ್ಷ ನಮ್ಮ ಸಿಇಟಿಯಲ್ಲಿ ಸಿಲಬಸ್‌ನಲ್ಲಿಲ್ಲದ ಪ್ರಶ್ನೆ ಬಂದು ಗಲಾಟೆಯಾಗಿ, ಕೊನೆಗೆ 50 ಪ್ರಶ್ನೆ ಕೈಬಿಡಬೇಕಾಯಿತಲ್ಲ.

ಕಾಲೇಜುಗಳಿಗೆ ನನ್ನದು ಒಂದೇ ಬೇಡಿಕೆ. ಪೋರ್ಷನ್ ಮುಗಿಸಲು ಆಗದಿದ್ದರೆ ಆಗಲಿಲ್ಲ ಎಂದು ಹೇಳಿ. ಮುಗಿಯಿತು ಎಂದು ಡೈರಿಯಲ್ಲಿ ಬರೆಯಬೇಡಿ. ಫಸ್ಟ್ ಪಿಯು ರಿಸಲ್ಟ್ ಕೊಡುವಾಗ ಪಾಠ ಮಾಡದೇ ಉಳಿದ ಅಧ್ಯಾಯಗಳ ಪಟ್ಟಿಯನ್ನೂ ಒಂದು ಚೀಟಿಯಲ್ಲಿ ಬರೆದು ಕೊಡಿ. ಏಪ್ರಿಲ್, ಮೇ ರಜೆಯಲ್ಲಿ ಮಕ್ಕಳು ಓದಿಕೊಳ್ಳುತ್ತಾರೆ, ನಮ್ಮಂಥವರು ಹೇಳಿಕೊಡುತ್ತೇವೆ.