ಸತ್ಯಾಂಶ: ಹೈಬ್ರಿಡ್ ಕಾರು ಇಂಧನವಿಲ್ಲದೆ ಓಡುವುದೇ?

ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡೂ ಇರುವ ಹೈಬ್ರಿಡ್ ಕಾರು ಓಡುತ್ತಲೇ ತನಗೆ ಬೇಕಾದ ವಿದ್ಯುತ್ತನ್ನು ತಾನೇ ತಯಾರಿಸಿಕೊಳ್ಳುತ್ತದೆ, ಹಾಗಾಗಿ ಅದಕ್ಕೆ ಇಂಧನವೇ ಬೇಡ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತದೆ. ಇದು ತಪ್ಪು.

ಸ್ವೀಡನ್ನಿನ ಏಂಗೆಲ್‌ಹೋಮ್‌ನಲ್ಲಿರುವ ಕೋನಿಗ್‌ಸೆಗ್ ಎಂಬ ಪುಟ್ಟ ಕಂಪನಿ 2015ರಲ್ಲಿ ಜಿನೀವಾ ಕಾರು ಪ್ರದರ್ಶನದಲ್ಲಿ ಪರಿಚಯಿಸಿದ ರೆಗೆರಾ ಎಂಬ ಹೈಬ್ರಿಡ್ ಕಾರನ್ನೇ ನೋಡಬಹುದು. ಸಾಂಪ್ರದಾಯಿಕ ಗೇರ್‌ಬಾಕ್ಸ್ ಇಲ್ಲದ ಈ ಕಾರಿನಲ್ಲಿ ಮೂರು ವಿದ್ಯುತ್ ಮೋಟಾರುಗಳಿವೆ, ನಿಜ. ಆದರೆ ಅವುಗಳ ಜೊತೆಗೆ 5 ಲೀಟರಿನ ಎಂಟು ಸಿಲಿಂಡರ್ ಟರ್ಬೊ ಎಂಜಿನ್ನೂ ಇದೆ, ಮತ್ತು ಸುಮಾರು 1,500 ಅಶ್ವಶಕ್ತಿಯ ಬಹುಪಾಲು ಅದರಿಂದಲೇ ಬರುತ್ತದೆ.

ಬ್ರೇಕ್ ಹಾಕಿದಾಗ ಮೋಟಾರುಗಳು ಜನರೇಟರ್‌ಗಳಾಗಿ ಬದಲಾಗಿ ಬ್ಯಾಟರಿಗೆ ಸ್ವಲ್ಪ ಶಕ್ತಿ ಮರಳಿಸುತ್ತವೆ ಎಂಬುದೂ ಸರಿಯೇ. ಎಷ್ಟು ಎಂದು ಲೆಕ್ಕ ಹಾಕಿದರೆ ಸಂದೇಶದ ಬಣ್ಣ ಬಯಲಾಗುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ 1,700 ಕಿಲೋ ತೂಕದ ಕಾರನ್ನು ಪೂರ್ತಿ ನಿಲ್ಲಿಸಿ, ಒಂದಿಷ್ಟೂ ಸೋರದಂತೆ ಶಕ್ತಿಯನ್ನು ಹಿಡಿದಿಟ್ಟರೂ ಸಿಗುವುದು ಸುಮಾರು 0.18 ಯೂನಿಟ್ ವಿದ್ಯುತ್ತು. ಒಂದು ಲೀಟರ್ ಪೆಟ್ರೋಲಿನಲ್ಲಿರುವುದು ಸುಮಾರು 9 ಯೂನಿಟ್‌ಗಳಷ್ಟು ಶಕ್ತಿ. ಅದೂ ಅಲ್ಲದೆ, ಹೀಗೆ ಮರಳಿ ಬಂದದ್ದು ಹೊಸ ಶಕ್ತಿಯಲ್ಲ, ಕಾರಿಗೆ ಆ ವೇಗ ಕೊಡಲು ಈಗಾಗಲೇ ಖರ್ಚಾದ ಶಕ್ತಿಯ ಒಂದು ಪಾಲು ಮಾತ್ರ.

ಹಾಗೆಂದು ಹೈಬ್ರಿಡ್ ಬರೀ ಬೊಗಳೆಯೂ ಅಲ್ಲ. ಇದೇ ಕಂಪನಿ 2020ರಲ್ಲಿ ಪ್ರಕಟಿಸಿದ ಗೆಮೆರಾ ಎಂಬ ಹೈಬ್ರಿಡ್ ಕಾರಿಗೆ ಕೇವಲ 2 ಲೀಟರಿನ ಮೂರು ಸಿಲಿಂಡರ್ ಎಂಜಿನ್ ರೂಪಿಸಿ, ಎಥೆನಾಲ್‌ನಂಥ ಇಂಧನವನ್ನೂ ಬಳಸುವಂತೆ ವಿನ್ಯಾಸ ಮಾಡಿತು. ಹೊಗೆ ಎಷ್ಟು ಕಡಿಮೆಯಾಗುತ್ತದೆ ಎಂಬುದು ಟ್ಯಾಂಕಿಗೆ ಏನು ತುಂಬುತ್ತೇವೆ, ಬ್ಯಾಟರಿಯನ್ನು ಎಷ್ಟು ಸಲ ಹೊರಗಿನ ವಿದ್ಯುತ್ತಿನಿಂದ ಚಾರ್ಜ್ ಮಾಡುತ್ತೇವೆ ಎಂಬುದನ್ನು ಅವಲಂಬಿಸಿದೆ.