ಉಲ್ಬಣದ ನಂತರ ಹಾಸಿಗೆಯೇ ಮದ್ದಲ್ಲ

ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ಉಲ್ಬಣಿಸಿ ಆಸ್ಪತ್ರೆ ಸೇರಿ ಮನೆಗೆ ಮರಳಿದವರು ತಿಂಗಳುಗಟ್ಟಲೆ ಮಲಗಿಯೇ ಇರಬೇಕು, ನಡೆದರೆ ಶ್ವಾಸಕೋಶ ಸವೆಯುತ್ತದೆ ಎಂಬ ಸಂದೇಶ ರಾಯಚೂರು ಭಾಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದೆ. ಕಳಿಸುವವರ ಕಾಳಜಿ ನಿಜ, ಮಾಹಿತಿ ಮಾತ್ರ ತಪ್ಪು. ಮಲಗಿಯೇ ಇದ್ದರೆ ತೊಡೆಯ ಸ್ನಾಯುಗಳು ಕೆಲವೇ ದಿನಗಳಲ್ಲಿ ಸೊರಗಿ, ಬಚ್ಚಲಿಗೆ ಹೋಗಿಬರುವುದಕ್ಕೂ ಏದುಸಿರು ಬರುತ್ತದೆ. ಆದ್ದರಿಂದಲೇ ಬಿಡುಗಡೆಯಾದ 4 ವಾರಗಳೊಳಗೆ, ವೈದ್ಯರ ಸಲಹೆಯಂತೆ, ಶ್ವಾಸಕೋಶ ಪುನಶ್ಚೇತನದ ವ್ಯಾಯಾಮ ಆರಂಭಿಸುವುದು ಒಳ್ಳೆಯದು: ಅಕ್ಕಿ ಗಿರಣಿಯ ಧೂಳು ಬಾರದ ಪಡಸಾಲೆಯಲ್ಲಿ ಹತ್ತು ಹೆಜ್ಜೆ, ಕೂತು, ಬಿಸಿ ಚಹಾ ಆರಿಸುವಂತೆ ತುಟಿ ಚೂಪಾಗಿಸಿ ನಿಧಾನವಾಗಿ ಉಸಿರು ಬಿಡುವುದು, ಮತ್ತೆ ಹತ್ತು ಹೆಜ್ಜೆ.

ಇಂಥ ಸಂದೇಶ ಬಂದಾಗ ಬರೆದವರ ಹೆಸರು, ದಿನಾಂಕ, ಮೂಲ ಇವೆಯೇ ನೋಡಿ, ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದ ಸೂಚನೆಯೊಂದಿಗೆ ಹೋಲಿಸಿ, ಮುಂದಿನ ತಪಾಸಣೆಯಲ್ಲಿ ವೈದ್ಯರಿಗೇ ತೋರಿಸಿ. ಕೂತಾಗಲೂ ಉಸಿರು ಕಟ್ಟಿದರೆ ಅಥವಾ ತುಟಿ ನೀಲಿಗಟ್ಟಿದರೆ ನಡಿಗೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು.