ಆರು ಕೈಯ ಆಕ್ಟೋಪಸ್ಸೂ ಮೆಕ್ಸಿಕೋದಿಂದ ಬಂದ ಹಕ್ಕಿಯೂ

ಐವತ್ತರ ದಶಕದ ಅಮೆರಿಕನ್ ಸೈನ್ಸ್ ಫಿಕ್ಷನ್ ಸಿನಿಮಾಗಳ ತುಣುಕು ಹಾಕಿ ನಗಿಸುವ ರೀಲ್‌ಗಳು ಈಗ ಎಲ್ಲೆಲ್ಲೂ ಓಡಾಡ್ತಿವೆ. ರಾಕ್ಷಸನ ಬೆನ್ನಿನ ಜಿಪ್ಪು ಕಾಣ್ತು, ಹಾರುವ ತಟ್ಟೆಯ ದಾರ ಕಾಣ್ತು, ಹಹ್ಹಹ್ಹಾ. ನಗೋದಕ್ಕೆ ತಕರಾರಿಲ್ಲ. ಆದರೆ ಕೆಳಗೆ ಕಾಮೆಂಟಿನಲ್ಲಿ "ಪಾಪ, ಬಜೆಟ್ ಇರಲಿಲ್ಲ" ಅಂತ ಷರಾ ಬರೀತಾರಲ್ಲ, ಅದನ್ನು ಮಾತ್ರ ಒಪ್ಪೋಕಾಗಲ್ಲ. ಬಜೆಟ್ ಯಾರಿಗೂ ಇರಲಿಲ್ಲ. ಇದ್ದಷ್ಟು ಕಾಸನ್ನು ಎಲ್ಲಿ ಸುರಿದರು, ಪ್ರಾಣಿಯನ್ನು ಯಾವ ಬೆಳಕಲ್ಲಿ ಎಷ್ಟು ಹೊತ್ತು ತೋರಿಸಿದರು, ಅಲ್ಲೇ ಇರೋದು ಎಲ್ಲ ವ್ಯತ್ಯಾಸ.

ಇದಕ್ಕೆ ಸ್ಯಾಮ್ ಕಾಟ್ಜ್‌ಮನ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕೊಲಂಬಿಯಾ ಕಂಪನಿಗೆ ಅಗ್ಗದ ಚಿತ್ರ ಮಾಡಿಕೊಡ್ತಿದ್ದ, ಜಿಪುಣತನಕ್ಕೆ ಹೆಸರಾದ ನಿರ್ಮಾಪಕ. 1955ರ 'ಇಟ್ ಕೇಮ್ ಫ್ರಮ್ ಬಿನೀತ್ ದ ಸೀ', 1956ರ 'ಅರ್ಥ್ ವರ್ಸಸ್ ದ ಫ್ಲೈಯಿಂಗ್ ಸಾಸರ್ಸ್', 1957ರ 'ದ ಜೈಂಟ್ ಕ್ಲಾ' ಮೂರೂ ಅವನ ಕೈಕೆಳಗೇ ಬಂದವು. ಕೊನೆಯ ಎರಡಕ್ಕೆ ನಿರ್ದೇಶಕನೂ ಒಬ್ಬನೇ, ಫ್ರೆಡ್ ಸಿಯರ್ಸ್. ಮೊದಲೆರಡನ್ನು ಇವತ್ತಿಗೂ ಜನ ಗೌರವದಿಂದ ನೋಡ್ತಾರೆ. ಮೂರನೆಯದು ಜೋಕು.

ಮೊದಲು 'ಬಿನೀತ್ ದ ಸೀ'ಯ ಆಕ್ಟೋಪಸ್ ನೋಡೋಣ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ಕಿತ್ತುಹಾಕುವ ಈ ಪ್ರಾಣಿಗೆ ಇರೋದು ಆರೇ ಕೈ. ಈ ಗೊಂಬೆಗೆ ಜೀವ ತುಂಬಿದ ರೇ ಹ್ಯಾರಿಹೌಸನ್ ಬೇಕಂತಲೇ ಹಾಗೆ ಮಾಡಿದ್ದು. ಸ್ಟಾಪ್ ಮೋಷನ್‌ನಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್. ಪ್ರತಿ ಫ್ರೇಮಿಗೂ ಪ್ರತಿ ಕೈಯನ್ನೂ ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ ತೆಗೀಬೇಕು. ಅರ್ಧ ನಿಮಿಷದ ದೃಶ್ಯ ಅಂದರೆ 720 ಫ್ರೇಮ್. ಎರಡು ಕೈ ಬಿಟ್ಟರೆ 1440 ಸಲ ಕೈ ಸರಿಸುವ ಕೆಲಸ ಉಳೀತು. ಹೇಗೂ ಒಂದೆರಡು ಕೈ ಸದಾ ನೀರೊಳಗೇ ಇರ್ತವೆ ಅಂದ್ಕೊಳ್ಳುವ ಪ್ರೇಕ್ಷಕ ಎಣಿಸೋಕೆ ಹೋಗಲ್ಲ. ಕಾಸು ಉಳಿಸೋದು ಅಂದರೆ ಹೀಗೆ.

ಗೊಂಬೆಯೊಳಗೆ ಉಕ್ಕಿನ ಅಸ್ಥಿಪಂಜರ, ಗುಂಡು ಮತ್ತು ಬಟ್ಟಲಿನ ಕೀಲುಗಳು, ಮೇಲೆ ರಬ್ಬರಿನ ಚರ್ಮ. ಹ್ಯಾರಿಹೌಸನ್‌ರ ಅನೇಕ ಗೊಂಬೆಗಳಿಗೆ ಈ ಪಂಜರ ಕಡೆದುಕೊಟ್ಟವರು ಅವರಪ್ಪ ಫ್ರೆಡ್, ವೃತ್ತಿಯಿಂದ ಮೆಷಿನಿಸ್ಟ್. ಕೀಲಿನ ಸ್ಕ್ರೂ ಸಡಿಲ ಆದರೆ ಎರಡು ಫ್ರೇಮಿನ ನಡುವೆ ಕೈ ತನ್ನ ಭಾರಕ್ಕೇ ಜಗ್ಗುತ್ತೆ, ತೆರೆಯ ಮೇಲೆ ನಡುಕ ಕಾಣುತ್ತೆ. ಬಿಗಿ ಆದರೆ ಒಂದು ಬೆರಳು ಸರಿಸೋಕೆ ಹೋದಾಗ ಇಡೀ ಗೊಂಬೆ ಅಲುಗುತ್ತೆ. ನಡುವೆ ಒಂದು ಬಲ್ಬು ಸುಟ್ಟುಹೋಯ್ತೋ, ಬೆಳಕು ಹೊಂದದೆ ಶಾಟ್ ಮತ್ತೆ ಮೊದಲಿಂದ.

ನಿಜವಾದ ಊರಿನಲ್ಲಿ ಗೊಂಬೆಯನ್ನು ನಿಲ್ಲಿಸುವ ವಿಧಾನವೂ ಅಷ್ಟೇ ಜಾಣತನದ್ದು. ಮೊದಲೇ ಶೂಟ್ ಮಾಡಿಟ್ಟ ಬೀದಿಯ ರೀಲನ್ನು ಹಿಂದಿನಿಂದ ಪರದೆಗೆ ಬಿಡಬೇಕು, ಪರದೆ ಮುಂದೆ ಗೊಂಬೆ. ಕ್ಯಾಮೆರಾ ಮುಂದಿನ ಗಾಜಿಗೆ, ಚಿತ್ರದ ಕೆಳಭಾಗ ಮುಚ್ಚುವ ಹಾಗೆ ಕಪ್ಪು ಬಣ್ಣ. ಒಂದು ಸುತ್ತು ತೆಗೆದು, ಫಿಲ್ಮ್ ಹಿಂದಕ್ಕೆ ಸುತ್ತಿ, ಈ ಸಲ ಮೇಲ್ಭಾಗ ಮುಚ್ಚಿ, ಬಿಟ್ಟಿದ್ದ ಕೆಳಭಾಗವನ್ನು ಅದೇ ರೀಲಿನಿಂದ ತುಂಬಬೇಕು. ಆಗ ಪ್ರಾಣಿಯ ಮುಂದೂ ಬೀದಿ, ಹಿಂದೂ ಬೀದಿ. ಎರಡರ ನಡುವಿನ ಗೆರೆಯನ್ನು ಗೋಡೆಯ ಅಂಚಿಗೋ ರಸ್ತೆಯ ತುದಿಗೋ ಹೊಂದಿಸಬೇಕು. ಒಂದು ಸುತ್ತಿನಲ್ಲಿ ಚೂರು ಅದುರಿದರೂ ಗೆರೆ ಎದ್ದು ಕಾಣುತ್ತೆ.

'ಫ್ಲೈಯಿಂಗ್ ಸಾಸರ್ಸ್'ನಲ್ಲಿ ವಾಷಿಂಗ್ಟನ್‌ನ ಕಟ್ಟಡಗಳು ಬೀಳುವ ದೃಶ್ಯವಂತೂ ಇನ್ನೊಂದು ಹೆಜ್ಜೆ ಮುಂದೆ. ಚಿಕ್ಕ ಮಾದರಿ ದೊಡ್ಡದಾಗಿ ಕಾಣಬೇಕಾದರೆ ಕ್ಯಾಮೆರಾದೊಳಗೆ ಫಿಲ್ಮ್ ವೇಗವಾಗಿ ಓಡಬೇಕು. ಎಷ್ಟು ವೇಗ ಅನ್ನೋದು ಅಳತೆಯ ವರ್ಗಮೂಲ. ಮಾದರಿ 25ರಲ್ಲಿ 1 ಭಾಗ ಇದ್ದರೆ ಐದು ಪಟ್ಟು, ಅಂದರೆ ಸೆಕೆಂಡಿಗೆ 120 ಫ್ರೇಮ್. ಅದಕ್ಕೆ ಐದು ಪಟ್ಟು ಫಿಲ್ಮು, ಐದು ಪಟ್ಟು ಬೆಳಕು, ಬೇರೆ ಕ್ಯಾಮೆರಾ. ಅಷ್ಟು ಖರ್ಚಿಗೆ ದಾರಿ ಇರಲಿಲ್ಲ. ಹ್ಯಾರಿಹೌಸನ್ ಮಾದರಿಯ ಇಟ್ಟಿಗೆ ತುಂಡುಗಳನ್ನು ಒಂದೊಂದಾಗಿ ತಂತಿಗೆ ಕಟ್ಟಿ, ಫ್ರೇಮಿನಿಂದ ಫ್ರೇಮಿಗೆ ಕೆಳಗಿಳಿಸಿದರು! ಪ್ರತಿ ಸಲ ಸಮ ದೂರ ಇಳಿಸಿದರೆ ಇಟ್ಟಿಗೆ ತೇಲಿಕೊಂಡು ಬಂದ ಹಾಗೆ ಕಾಣುತ್ತೆ. ನಿಜವಾಗಿ ಬೀಳುವ ವಸ್ತು ಸಮ ಹೊತ್ತಿನಲ್ಲಿ 1, 3, 5, 7ರ ಪ್ರಮಾಣದಲ್ಲಿ ದೂರ ಕ್ರಮಿಸುತ್ತೆ, ಇಳಿಸುವ ಕೈಗೂ ಆ ಲೆಕ್ಕ ಗೊತ್ತಿರಬೇಕು.

ಇದೇ ಸಿನಿಮಾದಲ್ಲಿ ಒಂದು ಹಡಗು ಮಗುಚಿ ಸ್ಫೋಟಿಸುತ್ತೆ. ಅದು 1941ರ ನವೆಂಬರ್ 25ರಂದು ಮೆಡಿಟರೇನಿಯನ್‌ನಲ್ಲಿ ಮುಳುಗಿದ ಬ್ರಿಟಿಷ್ ಯುದ್ಧನೌಕೆ ಬಾರಮ್‌ನ ನಿಜವಾದ ರೀಲು. ನೂರಾರು ನಾವಿಕರು ನಿಜವಾಗಿ ಸಾಯುತ್ತಿರುವ ದೃಶ್ಯವನ್ನು ಪುಕ್ಕಟೆ ರೋಮಾಂಚನಕ್ಕೆ ಅಂಟಿಸಿದ್ದಾರೆ. ದಾರ ಕಂಡದ್ದಕ್ಕೆ ನಗುವವರು ಇದಕ್ಕೆ ಸಿಟ್ಟಾದರೆ ನ್ಯಾಯ ಇದೆ.

ಈಗ ಹಕ್ಕಿ. 'ಜೈಂಟ್ ಕ್ಲಾ' ತಂಡದಲ್ಲಿ ಹ್ಯಾರಿಹೌಸನ್ ಇರಲಿಲ್ಲ. ಮೆಕ್ಸಿಕೋದಲ್ಲಿ ಅಗ್ಗಕ್ಕೆ ಸೂತ್ರದ ಗೊಂಬೆ ಮಾಡಿಸಿ ತಂದರು. ಉದ್ದ ಕತ್ತು, ಅರಳಿದ ಮೂಗಿನ ಹೊಳ್ಳೆ, ನೆತ್ತಿ ಮೇಲೆ ಒಂದು ಜುಟ್ಟು. ನಟರು ಶೂಟಿಂಗಿನಲ್ಲಿ ಇದನ್ನು ನೋಡಿರಲೇ ಇಲ್ಲ, ಹಾಗಾಗಿ ಎಲ್ಲರೂ ಮುಖ ಗಂಟಿಕ್ಕಿಕೊಂಡು ಗಂಭೀರವಾಗಿ ಅಭಿನಯಿಸಿದ್ದಾರೆ. ತನ್ನೂರಿನ ಥಿಯೇಟರಿನಲ್ಲಿ ಜನ ನಗೋದು ಕೇಳಿ ಮೆಲ್ಲಗೆ ಹೊರಗೆ ನುಸುಳಿದೆ ಅಂತ ನಾಯಕ ಜೆಫ್ ಮಾರೋ ಆಮೇಲೆ ಹೇಳಿಕೊಂಡಿದ್ದರು. ಆದರೆ ಗಮನಿಸಿ: ಶುರುವಿನಲ್ಲಿ ಹಕ್ಕಿ ಆಕಾಶದಲ್ಲಿ ಬರೀ ಒಂದು ಮಸುಕು, ರಾಡಾರಿಗೂ ಸಿಗಲ್ಲ. ಆ ಭಾಗ ಚೆನ್ನಾಗೇ ಇದೆ. ಅದೇ ಗೊಂಬೆಯ ನೆರಳು, ರೆಕ್ಕೆಯ ತುದಿ, ಅರ್ಧ ಸೆಕೆಂಡಿನ ಕೊಕ್ಕು, ಇಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗ್ತಿದ್ದರು. ಹಗಲು ಬೆಳಕಲ್ಲಿ, ನೇರ ಮುಖಕ್ಕೆ, ಮತ್ತೆ ಮತ್ತೆ ಕ್ಲೋಸಪ್ ಹಾಕಿ ಕೆಡಿಸಿದರು.

ಪಾಲ್ ಬ್ಲೇಸ್ಡೆಲ್‌ಗೂ ಇದೇ ಗತಿ. 1956ರಲ್ಲಿ ರೋಜರ್ ಕಾರ್ಮನ್ ನಿರ್ದೇಶಿಸಿದ 'ಇಟ್ ಕಾಂಕರ್ಡ್ ದ ವರ್ಲ್ಡ್'ಗೆ ಶುಕ್ರಗ್ರಹದ ಜೀವಿ ಮಾಡಿದ್ದು ಇವರು. ಅಲ್ಲಿ ಗುರುತ್ವ ಹೆಚ್ಚು ಅನ್ನುವ ತರ್ಕದ ಮೇಲೆ ಕುಳ್ಳಗೆ, ಅಗಲವಾಗಿ, ಶಂಕುವಿನಾಕಾರ. ಗುಹೆಯ ಕತ್ತಲಲ್ಲಿ ಕೂರುವ ಪ್ರಾಣಿ ಅಂತ ಕಲ್ಪಿಸಿದ್ದನ್ನು ಲಾಸ್ ಏಂಜಲೀಸ್‌ನ ಬ್ರಾನ್ಸನ್ ಕಣಿವೆಯ ಬಿಸಿಲಿಗೆ ಎಳೆದು ತಂದರು. ನಾಯಕಿ ಬೆವರ್ಲಿ ಗಾರ್ಲೆಂಡ್ ಅದರ ಎತ್ತರ ನೋಡಿ ನಕ್ಕು ಒದ್ದ ಮೇಲೆ ತಲೆ ಎತ್ತರಿಸಬೇಕಾಯ್ತು. ಬ್ಲೇಸ್ಡೆಲ್ ಬಳಸ್ತಿದ್ದ ಫೋಮ್ ರಬ್ಬರ್ ಅಗ್ಗ, ಹಗುರ, ಕತ್ತರಿಯಲ್ಲಿ ಕೊಯ್ದು ಅಂಟಿಸಬಹುದು. ಒಂದೇ ತೊಂದರೆ, ನೀರು ಕುಡಿಯುತ್ತೆ. 'ಡೇ ದ ವರ್ಲ್ಡ್ ಎಂಡೆಡ್'ನಲ್ಲಿ ರಾಕ್ಷಸ ಸಾಯಬೇಕಾದ್ದೇ ಮಳೆಯಲ್ಲಿ, ವೇಷದೊಳಗೆ ಇದ್ದದ್ದು ಬ್ಲೇಸ್ಡೆಲ್ಲೇ.

ಇಷ್ಟೆಲ್ಲ ಅವಸರ ಯಾಕೆ ಅಂದರೆ ವ್ಯಾಪಾರ. ಆಗ ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸ್ತಿದ್ದರು, ಅದರಲ್ಲಿ ಎರಡನೆಯದಾಗಿ ಓಡುವ ಸಿನಿಮಾಕ್ಕೆ ಥಿಯೇಟರಿನವರು ಕೊಡ್ತಿದ್ದದ್ದು ಸಣ್ಣ ನಿಗದಿತ ಬಾಡಿಗೆ, ಗಳಿಕೆಯಲ್ಲಿ ಪಾಲಿಲ್ಲ. ಹಾಗಾಗಿ ಎಐಪಿ (ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್) ಕಂಪನಿ ಎರಡೂ ಚಿತ್ರ ತಾನೇ ಕೊಟ್ಟು ಪೂರ್ತಿ ಪಾಲು ಕೇಳಿತು. ಹೆಸರು, ಪೋಸ್ಟರ್ ಮೊದಲು, ಕಥೆ ಆಮೇಲೆ. ಪೋಸ್ಟರಿನಲ್ಲಿ ರಾಕ್ಷಸ ಇದ್ದ ಮೇಲೆ ತೆರೆಯ ಮೇಲೂ ಪೂರ್ತಿ ತೋರಿಸಲೇಬೇಕಲ್ಲ!

ಅಂದ ಹಾಗೆ ನಮ್ಮ ಪಕ್ಕದ ಸೇಲಂಗೂ ಈ ಗಾಳಿ ಬೀಸಿತ್ತು. ಅಲ್ಲಿನ ಸ್ಟುಡಿಯೋ ಮಾಡರ್ನ್ ಥಿಯೇಟರ್ಸ್ ಅಮೆರಿಕದವರ ಜೊತೆ ಸೇರಿ 1952ರಲ್ಲಿ 'ದ ಜಂಗಲ್' ಮಾಡಿತು. ಅದರಲ್ಲಿ ಮ್ಯಾಮತ್ (ಹಿಮಯುಗದ ಕೂದಲುಳ್ಳ ಆನೆ) ಆದದ್ದು ಕೂದಲಿನ ಹೊದಿಕೆ ಹೊದ್ದ ಆನೆಗಳು.

ಹ್ಯಾರಿಹೌಸನ್ ಚಿತ್ರಗಳನ್ನು ಹುಡುಕುವವರಿಗೆ ಒಂದು ಮಾತು. ಅವಕ್ಕೆ ಈಗ ಬಣ್ಣ ತುಂಬಿದ ಆವೃತ್ತಿಗಳೂ ಇವೆ, ಸ್ವತಃ ಹ್ಯಾರಿಹೌಸನ್ ಒಪ್ಪಿಗೆಯಿಂದ ಆದವು. ಆದರೂ ಕಪ್ಪು ಬಿಳುಪೇ ನೋಡಿ. ಪರದೆಯ ರೀಲಿನ ಒರಟು ಕಣ, ಗೊಂಬೆಯ ನುಣುಪು, ನಡುವಿನ ಗೆರೆ, ಎಲ್ಲ ಬೂದು ಬಣ್ಣದಲ್ಲಿ ಬೆರೆತುಹೋಗ್ತವೆ. ಬಣ್ಣ ಬಳಿದದ್ದರಲ್ಲಿ ಎಲ್ಲ ಬೇರೆ ಬೇರೆ ನಿಲ್ತವೆ.